ಅದೇ ಮುಖದ ಇನ್ನೊಬ್ಬ

ಕ್ಷೌರಿಕ ಅಂಚೆಯವನ ಎಡಗೆನ್ನೆ ಮುಗಿಸಿ ಬಲಗೆನ್ನೆಗೆ ನೊರೆ ಹಚ್ಚುತ್ತಿದ್ದಾಗ ಆ ಹೆಂಗಸು ಅಂಗಡಿಯ ಬಾಗಿಲಿಗೆ ಬಂದಳು. ಮೂವತ್ತೈದರ ಆಸುಪಾಸು, ಆಸ್ಪತ್ರೆಯ ನರ್ಸಿನ ಬಟ್ಟೆ. ಕ್ಷೌರಿಕನನ್ನು ನೋಡಿದ್ದೇ ತಡ, ಅವಳ ಮುಖ ಬಿಳುಚಿಕೊಂಡಿತು.

"ಹಡಗಲ್ಲಿದ್ದೀನಿ ಅಂದಿದ್ರಿ. ಇನ್ನೂ ಎರಡು ತಿಂಗಳು ಬರಲ್ಲ ಅಂದಿದ್ರಿ."

"ಯಾರಿಗಮ್ಮಾ ಹೇಳ್ತಿದ್ದೀರಾ?"

ಅವಳು ಫೋನ್ ಚಾಚಿದಳು. ಪರದೆಯ ಮೇಲೆ ಅವನದೇ ಮುಖ. ಅಕ್ಕನ ಮೊಮ್ಮಗುವನ್ನು ಎತ್ತಿಕೊಂಡದ್ದು, ಹೊಸ ನೀಲಿ ಅಂಗಿಯಲ್ಲಿ ನಿಂತದ್ದು, ಇದೇ ಕುರ್ಚಿಗೆ ಒರಗಿ ನಕ್ಕದ್ದು. ನಾಲ್ಕು ಜನ ನೋಡಲಿ ಎಂದು ಅವನೇ ಅಂಗಡಿಯ ಪುಟದಲ್ಲಿ ಹಾಕಿಕೊಂಡ ಫೋಟೋಗಳು. ಕೆಳಗೆ ಮಾತ್ರ ಬೇರೆ ಹೆಸರು, 'ಹಡಗಿನ ಎಂಜಿನಿಯರ್, ಅವಿವಾಹಿತ'.

ಐದು ತಿಂಗಳಿಂದ ಆ ಎಂಜಿನಿಯರ್ ಅವಳಿಗೆ ದಿನಾ ಬರೆಯುತ್ತಿದ್ದ. ವಿಡಿಯೊ ಕರೆ ಅಂದರೆ ಸಮುದ್ರದಲ್ಲಿ ಸಿಗ್ನಲ್ ಇಲ್ಲ ಎನ್ನುತ್ತಿದ್ದ. ಹಿಂದಿನ ದಿನ ಒಂದು ಫೋಟೋವನ್ನು ದೊಡ್ಡದು ಮಾಡಿ ನೋಡಿದಾಗ ಹಿಂದಿನ ಕನ್ನಡಿಯಲ್ಲಿ ತಿರುಗುಮುರುಗಾದ ಅಕ್ಷರಗಳು ಕಂಡಿದ್ದವು. ಒಂದೊಂದನ್ನೇ ಕೂಡಿಸಿ ಅಂಗಡಿಯ ಹೆಸರು ಓದಿ, ಎರಡು ಬಸ್ಸು ಬದಲಿಸಿ ಬಂದಿದ್ದಳು.

ಹಲಗೆಗೋಡಿನ ಆಚೆ ಕ್ಷೌರಿಕನ ಹೆಂಡತಿಯ ಹೊಲಿಗೆ ಮಷಿನ್ ತಟ್ಟನೆ ನಿಂತಿತು. ಅವಳು ಕೊರಳಲ್ಲಿ ಅಳತೆಪಟ್ಟಿ ಹಾಕಿಕೊಂಡೇ ಬಂದಳು.

"ಏನ್ರೀ ಇದು?"

"ದೇವರಾಣೆ ನಂಗೇನೂ ಗೊತ್ತಿಲ್ಲ ಕಣೇ."

"ಸಿಕ್ಕಿಬಿದ್ದೋರೆಲ್ಲ ಹಾಗೇ ಹೇಳೋದು," ಎಂದ ಬೆಂಚಿನ ಮೇಲೆ ಕಾಯುತ್ತಿದ್ದವನೊಬ್ಬ.

ಅಷ್ಟರಲ್ಲಿ ನರ್ಸಿನ ಫೋನ್ ಎರಡು ಸಲ ಸದ್ದು ಮಾಡಿತು. ಮೊದಲನೆಯದು ಆರು ಅಂಕಿಯ ಓಟಿಪಿ. ಎರಡನೆಯದು ಎಂಜಿನಿಯರ್‌ನದು: 'ಚಿನ್ನ, ನಂಬರ್ ಬಂತಾ? ಬೇಗ ಕಳಿಸು, ನೋಂದಣಿ ಕಚೇರಿ ಮುಚ್ಚುತ್ತೆ.'

ಅವಳು ಆ ಸಂದೇಶವನ್ನು ಓದಿ ಹೇಳಿದಳು. ಎಲ್ಲರ ಕಣ್ಣೂ ಕ್ಷೌರಿಕನ ಕೈಗಳ ಮೇಲೆ. ಎರಡರಲ್ಲೂ ನೊರೆ. ಅವನ ಫೋನ್ ಮೂಲೆಯಲ್ಲಿ ಚಾರ್ಜಿಗೆ ಬಿದ್ದಿತ್ತು. ನರ್ಸ್ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು.

"ಹಂಗಾದ್ರೆ ಇದನ್ನ ಬರೀತಿರೋದು ಯಾರು?"

"ಕೂತ್ಕೋಮ್ಮ ಮೊದ್ಲು," ಎಂದು ಹೆಂಡತಿ ಫೋನ್ ತೆಗೆದುಕೊಂಡಳು. "ಯಾವ ನೋಂದಣಿ ಇದು?"

"ಮದುವೇದು ಅಕ್ಕ. ನಿನ್ನೆ ಬೆಳಿಗ್ಗೆ ಐಡಿ ಕಾರ್ಡ್ ಎರಡೂ ಕಡೆ ಫೋಟೋ ಕಳಿಸಿದ್ದೆ. ನಂಬರ್ ಬರುತ್ತೆ, ಹೇಳ್ಬೇಕು ಅಂದಿದ್ರು."

ಹೆಂಡತಿ ಸಂದೇಶವನ್ನು ಪೂರ್ತಿ ಓದಿದಳು. "'ನಿಮ್ಮ ನಂಬರನ್ನು ಹೊಸ ಸಿಮ್‌ಗೆ ಬದಲಿಸಲು... ಯಾರಿಗೂ ತಿಳಿಸಬೇಡಿ.' ಮದುವೆಗೂ ಇದಕ್ಕೂ ಏನು ಸಂಬಂಧ? ಇದನ್ನ ಕೊಟ್ರೆ ನಿನ್ನ ಜುಟ್ಟು ಅವನ ಕೈಗೆ ಕೊಟ್ಟಂಗೆ! ಬ್ಯಾಂಕಿನ ಓಟಿಪಿಯೆಲ್ಲ ಅವನಿಗೇ ಹೋಗುತ್ತೆ."

ಅಂಚೆಯವ ನೊರೆ ಒಣಗಿದ ಕೆನ್ನೆ ಹೊತ್ತೇ ಎದ್ದು ತನ್ನ ಕುರ್ಚಿ ಬಿಟ್ಟುಕೊಟ್ಟ. "ನನ್ನ ಗಡ್ಡ ಎಲ್ಲೂ ಓಡಿಹೋಗಲ್ಲ. ಮೊದ್ಲು ಸಿಮ್ ಕಂಪನಿಗೆ ಫೋನ್ ಮಾಡಿ."

ಒಂದು ಗಂಟೆ ಹಿಡಿಯಿತು. ಕರೆ ಕಾಯಿಸಿದಷ್ಟೂ ಹೊತ್ತು ನರ್ಸ್ ಪರದೆಯ ಮೂಲೆಯ ಸಿಗ್ನಲ್ ಗೆರೆಗಳನ್ನೇ ನೋಡುತ್ತಿದ್ದಳು, ಕಣ್ಣು ಮಿಟುಕಿಸಿದರೆ ಅಳಿಸಿಹೋಗುತ್ತವೇನೋ ಎಂಬಂತೆ. ಸಿಮ್ ಬದಲಾವಣೆ ತಡೆದದ್ದಾಯಿತು. ಬ್ಯಾಂಕಿನ ಕಾರ್ಡಿನ ಹಿಂದಿದ್ದ ನಂಬರಿಗೆ ಫೋನ್ ಮಾಡಿ ಖಾತೆಗೂ ಬೀಗ ಹಾಕಿಸಿದರು.

ಮಧ್ಯಾಹ್ನ ನರ್ಸ್, ಗಂಡ, ಹೆಂಡತಿ ಮೂವರೂ ಸೈಬರ್ ಠಾಣೆಗೆ ಹೋದರು. ಅಧಿಕಾರಿ ಕ್ಷೌರಿಕನನ್ನು ಗೋಡೆಗೆ ನಿಲ್ಲಿಸಿ ಫೋಟೋದ ಮುಖಕ್ಕೆ ತಾಳೆ ನೋಡಿದ. ಅವನ ಫೋನ್ ತೆಗೆದುಕೊಂಡು ಒಂದೊಂದೇ ಸಂದೇಶ ಜಾಲಾಡಿದ.

"ನಿಮ್ಮ ಮುಖ ಇಟ್ಕೊಂಡು ಇನ್ನೂ ಎಷ್ಟು ಕಡೆ ವ್ಯಾಪಾರ ನಡೀತಿದೆಯೋ, ನೋಡ್ಬೇಕು," ಎಂದ ಅಧಿಕಾರಿ.

ಬಸ್ ನಿಲ್ದಾಣದಲ್ಲಿ ನರ್ಸ್ ಹೆಂಡತಿಯ ಪಕ್ಕವೇ ನಿಂತಳು. ಬಸ್ಸು ಬಂದಾಗ ನೆಲ ನೋಡುತ್ತಲೇ, "ತಪ್ಪು ತಿಳ್ಕೋಬೇಡಿ ಅಣ್ಣ, ನಿಮ್ಮ ಮುಖ ನೋಡೋಕಾಗ್ತಿಲ್ಲ," ಎಂದಳು.

ಎಂಟು ದಿನದಲ್ಲಿ ಎಂಜಿನಿಯರ್ ಹೆಸರಿನ ಆ ಪುಟ ಕಾಣೆಯಾಯಿತು. ಅದರ ಹಿಂದಿದ್ದವನು ಸಿಕ್ಕಲಿಲ್ಲ. ಐಡಿ ಕಾರ್ಡಿನ ಚಿತ್ರ ಯಾರ ಕೈಯಲ್ಲಿದೆಯೋ ಯಾರಿಗೂ ತಿಳಿಯದು. ನರ್ಸ್ ವಾರಕ್ಕೊಮ್ಮೆ ತನ್ನ ಹೆಸರಲ್ಲಿ ಹೊಸ ಸಿಮ್ಮು, ಹೊಸ ಖಾತೆ ಏನಾದರೂ ಹುಟ್ಟಿಕೊಂಡಿದೆಯೇ ಎಂದು ನೋಡುತ್ತಾಳೆ. ನೋಡಿಯಾದ ಮೇಲೆ ಕ್ಷೌರಿಕನ ಹೆಂಡತಿಗೆ ಫೋನ್ ಮಾಡುತ್ತಾಳೆ:

"ಈ ವಾರ ಏನೂ ಇಲ್ಲ ಅಕ್ಕ."