ಹೆಸರು ಒಂದೇ ಇದ್ದವರು

"ನಾ ಸತ್ತೀನಂತ ಬರದವ್ರು ಯಾರು, ಯವ್ವಾ?"

ಕಿಟಕಿಯಾಚೆ ನಿಂತ ಮುದುಕಿ ಪಡಿತರ ಚೀಟಿಯನ್ನು ಸರಳುಗಳ ನಡುವೆ ಒಳಗೆ ಚಾಚಿದಳು. ಹೆಸರು ಹನಮಂತವ್ವ, ಹಿರೇವಡ್ಡಟ್ಟಿಯಿಂದ ಮುಂಜಾನೆಯ ಬಸ್ಸಿಗೆ ಬಂದಿದ್ದಳು. ಹೊಸ ಪಟ್ಟಿಯಲ್ಲಿ ನೀನು ತೀರಿಕೊಂಡಿದ್ದೀ ಎಂದು ಅಂಗಡಿಯವನು ಅಕ್ಕಿ ಕೊಡದೆ ಕಳಿಸಿದ್ದನಂತೆ.

ಒಳಗೆ ಕೂತಿದ್ದ ನಿಶಾತ ಕಂಪ್ಯೂಟರಿನಲ್ಲಿ ಚೀಟಿಯ ನಂಬರು ಹೊಡೆದು ನೋಡಿದಳು. 'ಮೃತ' ಎಂದಿತ್ತು. ಬದಲಿಸಿದ್ದು ಕಳೆದ ಶುಕ್ರವಾರ. ಬದಲಿಸಿದವರ ಹೆಸರು ನಿಶಾತಳದೇ.

ಮುಂಡರಗಿಯಲ್ಲಿ ಪಡಿತರದ ಪಟ್ಟಿ ಸಿದ್ಧಮಾಡುವ ಗುತ್ತಿಗೆದಾರ ದೇವೇಂದ್ರಪ್ಪನ ಬಳಿ ಅವಳು ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು. ಶುಕ್ರವಾರ ಊರೂರಿನ ಮೃತರ ಯಾದಿ ಬಂದಾಗ ಅವನು ಜಲ್ದಿ ಮಾಡೆಂದು ಎರಡು ಸಲ ಬಂದು ಹೋಗಿದ್ದ. ಅದನ್ನು ಪಡಿತರದ ಪಟ್ಟಿಗೆ ಜೋಡಿಸಿ, ಸಾಲುಗಳನ್ನು ಬದಲಿಸುವ ಅಪ್‌ಡೇಟ್ ಕೊಡುವಾಗ ಅವಳು ಹೆಸರನ್ನಷ್ಟೇ ಹೋಲಿಸಿದ್ದಳು, ಚೀಟಿಯ ನಂಬರನ್ನಲ್ಲ. ಬದಲಿಸುವ ಮುಂಚೆ ಅದೇ ಷರತ್ತಿಗೆ, ಸಾಲುಗಳನ್ನು ತೋರಿಸುವುದಷ್ಟೇ ಮಾಡುವ ಸೆಲೆಕ್ಟ್ ಕೊಟ್ಟು ಯಾರ್ಯಾರು ಬರುತ್ತಾರೆ ನೋಡಬೇಕೆಂದು ಗದಗಿನ ಕಂಪ್ಯೂಟರ್ ಮಾಸ್ತರು ಕಲಿಸಿದ್ದರು. ನೋಡಿರಲಿಲ್ಲ. ಈಗ ನೋಡಿದಳು. ಡಂಬಳದಲ್ಲಿ ಒಬ್ಬ ಹನಮಂತವ್ವ ಸತ್ತದ್ದಕ್ಕೆ ತಾಲೂಕಿನ ಹನಮಂತವ್ವಂದಿರೆಲ್ಲ ಸತ್ತಿದ್ದರು. ಸುಮಿತ್ರವ್ವಂದಿರೂ, ಮರ್ದಾನಸಾಬರೂ. ಸಾಲುಗಳು ಮುಗಿಯಲೇ ಇಲ್ಲ. ಎದ್ದಳು, ಕೂತಳು, ಮತ್ತೆ ಎದ್ದು ದೇವೇಂದ್ರಪ್ಪನನ್ನು ಕರೆದು ತೋರಿಸಿದಳು.

"ಬಂದಾಕೀದು ಒಂದು ಸರಿ ಮಾಡಿ ಕಳಸು. ಉಳದವ್ರು ಬಂದಂಗ ನೋಡೂಣು," ಎಂದ ದೇವೇಂದ್ರಪ್ಪ.

"ಬರಾಕ ಆಗದವ್ರು ಇರ್ತಾರಲ್ರಿ, ಸರ್."

ಮೇಲಿನವರಿಗೆ ತಿಳಿದರೆ ಅವಳ ಕೆಲಸ ಹೋಗುತ್ತದೆ ಎಂದು ಅವನು ದನಿ ತಗ್ಗಿಸಿ ಹೇಳಿದ.

"ತಪ್ಪು ನಾನ ಮಾಡೇನ್ರಿ. ಹಂಗಂತ ಬರದು ಕೊಡ್ತೀನಿ."

ಅವನು ಹೊರಗೆ ಹೋದ. ನಿಶಾತ ಮುದುಕಿಯ ಹೆಸರು ಸರಿಮಾಡಿ ಕಳಿಸಿದಳು. ಉಳಿದವರಿಗೆ ನಂಬರು, ಊರು ಎರಡನ್ನೂ ಹಾಕಿ ಮೊದಲು ಸೆಲೆಕ್ಟ್ ಕೊಟ್ಟು, ಒಂದೊಂದೇ ಸಾಲು ಓದಿದಳು. ಊಟದ ಡಬ್ಬಿ ತೆರೆಯಲಿಲ್ಲ. ಅಪ್‌ಡೇಟ್ ಕೊಟ್ಟ ಮೇಲೆ, ಓದಿದ ಸಾಲುಗಳ ಮತ್ತು ಬದಲಾದ ಸಾಲುಗಳ ಲೆಕ್ಕ ತಾಳೆಯಾಗುವವರೆಗೆ, ಬದಲಾವಣೆಯನ್ನು ಕಾಯಂ ಮಾಡುವ ಕಮಿಟ್ ಒತ್ತಲಿಲ್ಲ.

ಹದಿನೇಳು ಜನ ಮಾತ್ರ ಸರಿಮಾಡಲಾಗದೆ ಉಳಿದರು. ಮೃತರ ಯಾದಿಯಲ್ಲಿ ಅವರ ಹೆಸರಿನೆದುರು ನಂಬರೇ ಇರಲಿಲ್ಲ. ಬದುಕಿದ್ದಾರೋ ಇಲ್ಲವೋ, ಯಂತ್ರಕ್ಕೆ ಗೊತ್ತಾಗುವಂತಿರಲಿಲ್ಲ. ಸಂಜೆ ತಪ್ಪೊಪ್ಪಿಗೆಯ ಪತ್ರ ಕೊಟ್ಟಳು. ದೇವೇಂದ್ರಪ್ಪ ಓದಿ, ನಾಳೆಯಿಂದ ಬರಬೇಡವೆಂದ. ಅವಳು ಹದಿನೇಳು ಹೆಸರುಗಳನ್ನು ಹಾಳೆಗೆ ಬರೆದುಕೊಂಡೇ ಹೊರಬಿದ್ದಳು.

ಮರುದಿನ ಅವರನ್ನು ಹುಡುಕಿಕೊಂಡು ಮೊದಲ ಬಸ್ಸು ಹಿಡಿದಳು. ಹಾಳೆಯಲ್ಲಿ ಮೊದಲಿದ್ದವಳು ಸುಮಿತ್ರವ್ವ, ಎಂಬತ್ತೆರಡು ವರ್ಷ. ಕೇಳಿಕೊಂಡು ಹೋದ ಮನೆಯ ಬಾಗಿಲು ಮುಚ್ಚಿತ್ತು. ನಿಶಾತ ಚಿಲಕ ಬಡಿದು ಕಾದಳು, ಮತ್ತೊಮ್ಮೆ ಬಡಿದಳು.

ಒಳಗೆ ಮುದುಕಿಯೊಬ್ಬಳು ಕೆಮ್ಮಿದಳು.