ಬೀಳುವ ಬರಣಿಯೊಳಗಿನ ಉರಿ

ಯಾರಿಗೂ ಹೇಳದ ಚಿಂತೆಯೊಂದು ನನಗಿದೆ: ನಾಲ್ಕು ಜನರೆದುರು ಬಾಯಿ ತೆರೆದರೆ ನನ್ನ ದನಿ ಪೀಪಿಯಂತಾಗುತ್ತದೆ. ಅದಕ್ಕೇ ಸೊಲ್ಲಾಪುರದಲ್ಲಿ ಬಿ.ಎಸ್ಸಿ. ಮುಗಿಸಿ, ಅಕ್ಕಲಕೋಟದ ಈ ಕೋಚಿಂಗ್ ಕ್ಲಾಸಿನಲ್ಲಿ ಪ್ರಯೋಗದ ಸಾಮಾನು ಜೋಡಿಸುವ ಕೆಲಸ ಹಿಡಿದೆ. ಮಾತೆಲ್ಲ ಶಿವಾನಂದ ಸರ್ ಅವರದು. ಮಾತಿನ ಜೊತೆ ಗುಟಕಾ ತುಂತುರೂ ಬರುತ್ತದೆ. ಮೇಜು ಒರೆಸುವವಳು ನಾನು.

ನಿನ್ನೆ, ಮುಚ್ಚಿದ ಬರಣಿಯೊಳಗೆ ಉರಿಯುವ ಗ್ಯಾಸ್ ಲೈಟರನ್ನೂ ಎದುರಿಗೆ ವಿಡಿಯೊ ತೆಗೆಯುವ ಫೋನನ್ನೂ ಕಟ್ಟಿ ಮಾಳಿಗೆಯಿಂದ ಕೈಬಿಟ್ಟೆ. ಕೆಳಗೆ ಹುಡುಗರು ಚಾದರ ಹಿಗ್ಗಿಸಿ ಹಿಡಿದಿದ್ದರು. ಫೋನಿನಲ್ಲಿ ನೋಡಿದರೆ, ಬೀಳುವಾಗ ಉದ್ದನೆಯ ಹಳದಿ ಉರಿ ಕುಗ್ಗಿ ನೀಲಿ ಗುಂಡಾಗಿತ್ತು. ಒಳಗಿನ ಗಾಳಿ ತೀರಿತು, ಎಂದರು ಸರ್. ಭಂಡಾರಕವಠೆ ಊರಿನ ಕುರಿಗಾರರ ಮಗಳು ನಂದಾ ಎದ್ದು ನಿಂತಳು. ಚಾದರಕ್ಕೆ ಬಿದ್ದ ಕೂಡಲೇ ಉರಿ ಮತ್ತೆ ಉದ್ದಾಯಿತಲ್ಲ, ತೀರಿದ ಗಾಳಿ ಎಲ್ಲಿಂದ ಬಂತು ಎಂದು ಕೇಳಿದಳು.

"ನಿಮ್ಮ ಕುರೀನ ಕೇಳು, ಹೇಳ್ತಾವ," ಎಂದರು ಸರ್. ಕ್ಲಾಸೆಲ್ಲ ನಕ್ಕಿತು. ಸಂಜೆ ಅವಳ ಅಪ್ಪನಿಗೆ ಫೋನು ಹೋಯಿತು.

ಇಂದು ಅವಳ ಅಪ್ಪ ಕಾಮಣ್ಣ ಕಾಕಾ ಬಂದರು. ಕಂಬಳಿ ಹೆಗಲಿಗೆ, ಚಪ್ಪಲಿ ಹೊಸ್ತಿಲಾಚೆ. ಕೂತುಕೊಳ್ಳಿ ಎಂದು ಯಾರೂ ಹೇಳಲಿಲ್ಲ. ಸರ್ ಉಗುರಿನಿಂದ ಹಲ್ಲಿನ ಸಂದಿ ಕೆದಕುತ್ತ, ಹುಡುಗಿಯ ತಲೆಗೆ ಇದು ಹತ್ತುವುದಿಲ್ಲ, ವರ ಹುಡುಕಿ ಎಂದರು. ಕೆದಕಿದ ಬೆರಳನ್ನು ಮೇಜಿನ ಮೇಲೆ ಮಡಚಿಟ್ಟಿದ್ದ ನಿನ್ನೆಯ ಚಾದರಕ್ಕೆ ಒರೆಸಿದರು. ಕಂದು ಗೆರೆಯೊಂದು ಮೂಡಿತು. ಬಾಗಿಲ ಹಿಂದೆ ನಂದಾ ಚೀಲ ಕಟ್ಟಿಕೊಂಡೇ ನಿಂತಿದ್ದಳು.

"ಆಕಿ ಕೇಳಿದ್ದು ಅಷ್ಟು ತಪ್ಪೇನ್ರಿ?" ಎಂದರು ಕಾಕಾ.

"ಪೂರಾ ತಪ್ಪು. ಬೇಕಾದ್ರ ನಮ್ಮ ಶುಭಾಂಗೀನ ಕೇಳ್ರಿ."

ನಾನು ತಲೆಯಾಡಿಸುತ್ತೇನೆಂಬ ಭರವಸೆ ಅವರಿಗೆ. ದಿನವೂ ಆಡಿಸುವವಳೇ. ಆದರೆ ಬಿಸಿ ಗಾಳಿ ಹಗುರಾಗಿ ಏರುವುದರಿಂದಲೇ ಉರಿಗೆ ಆ ಉದ್ದ. ಬೀಳುವ ಬರಣಿಯೊಳಗೆ ಭಾರವೂ ಇಲ್ಲ, ಹಗುರವೂ ಇಲ್ಲ; ಉರಿಗೆ ಏರಲು ಮೇಲೆಂಬುದೇ ಇಲ್ಲ. ಗಾಳಿಯೇನೋ ತೀರಿರಲಿಲ್ಲ; ಬೀಳುವುದು ನಿಂತ ಕೂಡಲೇ ಭಾರ ಮರಳಿ ಉರಿ ಉದ್ದಾಯಿತು. ಇದನ್ನು ನುಂಗಿದರೆ ಆ ಗುಟಕಾ ಎಂಜಲನ್ನೇ ನುಂಗಿದಂತೆ.

ದನಿ ಪೀಪಿಯೇ ಆಯಿತು. ಆಗಲಿ.

"ಕಾಕಾ, ನಂದಾ ಕೇಳಿದ್ದು ಖರೇ ಐತ್ರಿ. ತಪ್ಪು ಹೇಳಿದವ್ರು ಸರ್."