ಪುಕ್ಕಟೆ ಮಣ್ಣು

ಬಗ್ಗಿ ಬಗ್ಗಿ ಗಾಲಿಯಕ್ಕನ ಸೊಂಟ ಬಿದ್ದುಹೋಗಿತ್ತು. ಕಾರ್ಖಾನೆ ಕಟ್ಟುವ ಜಾಗದ ಗೇಟಿನ ಒಳಗಡೆ ಸಿಮೆಂಟಿನ ಗುಂಡಿಯೊಂದಿದೆ. ಹೊರಗೆ ಹೋಗುವ ಪ್ರತಿ ಲಾರಿಯೂ ಅದರಲ್ಲಿ ಇಳಿದು ನಿಲ್ಲಬೇಕು. ಗಾಲಿಯಕ್ಕ ಪೈಪು ಹಿಡಿದು ಒಂದೊಂದು ಗಾಲಿಯನ್ನೂ ತೊಳೆಯಬೇಕು, ಟಯರಿನ ಸಂದಿಯಲ್ಲಿ ಕಚ್ಚಿಕೊಂಡ ಮಣ್ಣನ್ನು ಕಡ್ಡಿಯಿಂದ ಮೀಟಿ ತೆಗೆಯಬೇಕು. ಬೆಳಗಿನಿಂದ ಸಂಜೆಯವರೆಗೆ ಕೆಸರುನೀರಿನಲ್ಲೇ ನಿಂತು ಅವಳ ಕಾಲ್ಬೆರಳ ಸಂದಿಗಳು ಬೆಳ್ಳಗೆ ಕೊಳೆತಿದ್ದವು. ಬೂಟು, ರಬ್ಬರಿನ ಕೈಗವಸು ಕೊಟ್ಟಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಫೋಟೋ ತೆಗೆಯುವ ದಿನ ಕೊಟ್ಟಿದ್ದರು. ಫೋಟೋ ಆದ ಮೇಲೆ ಬಿಚ್ಚಿಸಿಕೊಂಡರು.

ಅಲ್ಲಿ ಹಿಂದೆ ಬಣ್ಣದ ಕಾರ್ಖಾನೆ ಇತ್ತು. ಅದು ಮುಚ್ಚಿ ಎಷ್ಟೋ ಕಾಲವಾಗಿ, ಈಗ ಬೇರೊಂದು ಕಂಪನಿ ಜಾಗ ಕೊಂಡು ಹೊಸ ಕಾರ್ಖಾನೆ ಕಟ್ಟಲು ಹೊರಟಿತ್ತು. ಸರ್ಕಾರ ಸುಮ್ಮನೆ ಬಿಟ್ಟೀತೇ? ಪರಿಸರವೆಂದರೆ ಸರ್ಕಾರಕ್ಕೆ ಪ್ರಾಣ. ರಾಶಿ ಷರತ್ತು ಹಾಕಿತು. ಹಳೆಯ ಮಣ್ಣು ತೆಗೆಯಿರಿ, ಹೊಸ ಮಣ್ಣು ತುಂಬಿ, ಸುತ್ತಲೂ ಗಿಡ ನೆಡಿ, ಧೂಳೇಳದ ಹಾಗೆ ನೀರು ಚಿಮುಕಿಸಿ, ಹಕ್ಕಿಗಳಿಗೆ ತೊಂದರೆಯಾಗದಂತೆ ಮೆಲ್ಲಗೆ ಹಾರ್ನ್ ಮಾಡಿ. ಇವುಗಳಲ್ಲಿ ಗಾಲಿಯಕ್ಕನ ಪಾಲಿಗೆ ಬಂದದ್ದು ಒಂದೇ: ಗಾಲಿಗೆ ಅಂಟಿದ ಮಣ್ಣು ರಸ್ತೆಗೆ ಬೀಳಬಾರದು. ಏಕೆ ಬೀಳಬಾರದೆಂದು ಯಾರೂ ಹೇಳಲಿಲ್ಲ. ರಸ್ತೆ ಚೆನ್ನಾಗಿ ಕಾಣಲಿ ಅಂತ ಇರಬೇಕು ಎಂದುಕೊಂಡಳು.

ಅವಳ ಮನೆ ಕಾಂಪೌಂಡಿನ ಹಿಂದಿನ ತಗ್ಗು ಬೀದಿಯಲ್ಲಿತ್ತು. ಎರಡು ಹನಿ ಬಿದ್ದರೆ ಸಾಕು, ನೀರು ನೆಂಟರ ಹಾಗೆ ನೇರ ಒಳಗೇ ಬರುತ್ತಿತ್ತು. ಮಗಳು ಬಾಣಂತನಕ್ಕೆಂದು ಬಂದವಳು ಅಲ್ಲೇ ಉಳಿದಿದ್ದಳು. ಅವಳ ಕೂಸು ಆಗಷ್ಟೇ ಅಂಬೆಗಾಲಿಡಲು ಕಲಿತಿತ್ತು. ಥಂಡಿ ನೆಲದ ಮೇಲೆ ಅದು ತೆವಳುವುದನ್ನು ನೋಡಲಾರದೆ ಗಾಲಿಯಕ್ಕ ಒಂದು ದಿನ ಮ್ಯಾನೇಜರರ ಮುಂದೆ ನಿಂತಳು.

"ಸಾರ್, ಅಗೆದ ಮಣ್ಣು ಎಲ್ಲೋ ದೂರ ಹೋಗ್ತಿದೆ. ನಮ್ಮ ಬೀದಿಗೆ ನಾಲ್ಕು ಲೋಡು ಹಾಕ್ಸಿದ್ರೆ ಮನೆ ನೆಲ ಎತ್ತರ ಮಾಡ್ಕೊತೀವಿ."

ಮ್ಯಾನೇಜರ್ ಮೇಜಿನ ಮೇಲಿದ್ದ ಲಾರಿ ಬಾಡಿಗೆಯ ಬಿಲ್ಲುಗಳನ್ನೊಮ್ಮೆ ನೋಡಿದರು. ಆಮೇಲೆ ಮುಖ ಹೂವಾಯಿತು.

"ನಾಲ್ಕೇ ಯಾಕಮ್ಮಾ? ಬೇಕಾದಷ್ಟು ತಗೊಳ್ಳಿ. ಪುಕ್ಕಟೆ!"

ಇಂಥ ದೊಡ್ಡ ಮನಸ್ಸನ್ನು ಬೀದಿಯವರು ಕಂಡಿರಲಿಲ್ಲ. ಲಾರಿಗಳು ಬಂದವು. ಗಾಲಿಯಕ್ಕ ಗೇಟಿನಲ್ಲಿ ಅವುಗಳ ಗಾಲಿಯನ್ನು ಫಳಫಳ ತೊಳೆದು ಕಳಿಸುತ್ತಿದ್ದಳು, ಅವು ಸುತ್ತಿ ಹೋಗಿ ಅವಳ ಮನೆ ಮುಂದೆಯೇ ಮಣ್ಣು ಸುರಿಯುತ್ತಿದ್ದವು. ಬೀದಿಯವರೆಲ್ಲ ಬುಟ್ಟಿಯಲ್ಲಿ ಹೊತ್ತು, ನೆಲಕ್ಕೆ ತುಂಬಿ, ನೀರು ಹೊಯ್ದು ದಮ್ಮಸು ಮಾಡಿದರು. ಮ್ಯಾನೇಜರರನ್ನು ಕರೆಸಿ ಚಪ್ಪಾಳೆ ತಟ್ಟಿದರು, ಟೀ ಕೊಟ್ಟರು. ಅವರು ಟೀ ಕುಡಿಯಲಿಲ್ಲ. ಚಪ್ಪಲಿಗೆ ಮಣ್ಣಾಗುತ್ತದೆಂದು ಯಾರ ಮನೆಯೊಳಗೂ ಕಾಲಿಡಲಿಲ್ಲ.

ಕೂಸು ಹೊಸ ನೆಲದಲ್ಲಿ ಖುಷಿಯಾಗಿ ತೆವಳಿತು. ಸಿಕ್ಕಿದ್ದನ್ನೆಲ್ಲ ಬಾಯಿಗಿಟ್ಟುಕೊಳ್ಳುವ ವಯಸ್ಸು. ತಿಂಗಳು ಕಳೆಯುವುದರೊಳಗೆ ಹಾಲು ಕಕ್ಕತೊಡಗಿತು. ಹೊಟ್ಟೆ ಹಿಡಿದುಕೊಂಡು ಕಿರುಚುವುದು, ಇಲ್ಲವೇ ಮಂಕಾಗಿ ಬಿದ್ದಿರುವುದು. ಹಲ್ಲು ಬರುತ್ತಿದೆ ಎಂದರು ಕೆಲವರು. ದೃಷ್ಟಿ ತಗಲಿದೆ ಎಂದರು ಕೆಲವರು.

ಅಂಥ ಒಂದು ದಿನ ಪರಿಸರದ ಸಾಹೇಬರು ತಪಾಸಣೆಗೆ ಬಂದರು. ಲಾರಿಯ ಹಿಂದಿನ ಗಾಲಿಯಲ್ಲಿ ಒಂದು ಸಣ್ಣ ಹೆಂಟೆ ಉಳಿದಿತ್ತು. ಸಾಹೇಬರು ಹಾವು ಕಂಡವರಂತೆ ಹಿಂದಕ್ಕೆ ಸರಿದರು.

"ಏನಮ್ಮ ಇದು, ಹೀಗಾ ತೊಳೆಯೋದು?"

"ಒಂದು ಚೂರು ಉಳ್ಕೊಂಡಿದೆ ಸಾರ್. ತೆಗೀತೀನಿ."

"ಒಂದು ಚೂರಂತೆ! ಇದರಲ್ಲಿ ಹಳೇ ಬಣ್ಣದ ಸೀಸ ಇದೆ, ವಿಷ. ಇದು ರಸ್ತೆಗೆ ಬಿದ್ದು, ಧೂಳಾಗಿ, ಯಾವುದಾದ್ರೂ ಮಗು ಬಾಯಿಗೆ ಹೋದ್ರೆ ಯಾರಮ್ಮ ಜವಾಬ್ದಾರಿ?"

ಗಾಲಿಯಕ್ಕನ ಕೈಯ ಪೈಪು ಎತ್ತಲೋ ನೀರು ಹಾರಿಸುತ್ತಿತ್ತು.

"ಮತ್ತೆ... ಲಾರಿ ಮೇಲಿರೋ ಮಣ್ಣು, ಸಾರ್?"

"ಅದಕ್ಕೇನು? ಮೇಲೆ ಟಾರ್ಪಾಲು ಹೊದಿಸಿದೆಯಲ್ಲ. ನೇರ ವಿಷದ ಗುಂಡಿಗೆ ಹೋಗುತ್ತೆ, ಊರಾಚೆ."

"ಇಲ್ಲ ಸಾರ್, ಅದು ನಮ್ಮ ಬೀದಿಗೆ..."

"ಬನ್ನಿ ಸಾರ್, ಗಿಡ ನೋಡೋಣ," ಎಂದು ಮ್ಯಾನೇಜರ್ ನಡುವೆ ತೂರಿದರು. "ಎಲ್ಲಾ ಚಿಗುರಿವೆ!"

ಸಾಹೇಬರಿಗೆ ಅವಳ ಮಾತು ಕೇಳಿಸಿತೋ ಇಲ್ಲವೋ. ಕೇಳಿಸಿಕೊಳ್ಳಬೇಕೆಂಬುದು ಷರತ್ತಿನಲ್ಲಿರಲಿಲ್ಲ. ಗಿಡ ನೋಡಲು ಹೋದರು.

ಸಾಹೇಬರ ಕಾರು ಹೋದ ಮೇಲೆ ಗಾಲಿಯಕ್ಕ ಮ್ಯಾನೇಜರರನ್ನು ಅಡ್ಡಗಟ್ಟಿದಳು.

"ವಿಷ ಅಂತ ನಮಗ್ಯಾಕೆ ಹೇಳ್ಲಿಲ್ಲ?"

"ಯಾರಂದ್ರು ವಿಷ ಅಂತ? ಒಳ್ಳೇ ಮಣ್ಣು ಅದು. ಆಮೇಲೆ, ನಾನು ಕೊಡ್ತೀನಿ ಅಂದ್ನಾ? ನೀನೇ ಬಂದು ಕೇಳ್ದೆ. ಸುಮ್ನೆ ಜನರನ್ನ ಹೆದರಿಸ್ಬೇಡ. ನಾಳೆಯಿಂದ ಕೆಲ್ಸಕ್ಕೂ ಬರ್ಬೇಡ."

ಅದೊಂದು ಮಾತು ನಿಜ. ಅವಳೇ ಕೇಳಿದ್ದಳು. ಕೈಮುಗಿದು ಕೇಳಿದ್ದಳು. ನೇರ ಮನೆಗೆ ಓಡಿ ಕೂಸನ್ನು ನೆಲದಿಂದ ಎತ್ತಿಕೊಂಡು ದೊಡ್ಡಾಸ್ಪತ್ರೆಗೆ ಹೋದಳು. ಮಗಳೂ ಹಿಂದೆಯೇ ಓಡಿದಳು. ರಕ್ತ ಪರೀಕ್ಷೆಯಾಗಿ ಬಂದ ಮೇಲೆ ಡಾಕ್ಟರಮ್ಮ ನಿಧಾನವಾಗಿ ಹೇಳಿದರು: ರಕ್ತದಲ್ಲಿ ಸೀಸ ಸೇರಿದೆ. ಮೊದಲು ಆ ಮನೆಯ ನೆಲ ತೆಗೆಸಿ. ಒಳಗೆ ಸೇರಿದ್ದು ಎಷ್ಟು ಹೋಗುತ್ತೋ, ಬುದ್ಧಿಗೆ ಏನಾಗುತ್ತೋ ಈಗಲೇ ಹೇಳುವಂತಿಲ್ಲ.

ಮಗಳು ಅಳಲಿಲ್ಲ. ಮನೆಗೆ ಬಂದವಳೇ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಗುದ್ದಲಿಗೆ ಕೈ ಹಾಕಿದಳು. ಗಾಲಿಯಕ್ಕ ಅದನ್ನು ಕಿತ್ತುಕೊಂಡಳು.

"ನೀನು ಕೂಸನ್ನ ಹಿಡ್ಕೊಂಡು ಆಚೆ ನಿಲ್ಲು. ಕೇಳಿ ತಂದೋಳು ನಾನು, ನಾನೇ ತೆಗೀತೀನಿ."

ಸದ್ದಿಗೆ ಪಕ್ಕದ ಮನೆಯ ಟೈಲರ್ ಇಣುಕಿದ. ಸಂಗತಿ ಕೇಳಿ ಅವನ ಮುಖ ಕಪ್ಪಿಟ್ಟಿತು.

"ಅಲ್ಲಕ್ಕ, ಮತ್ತೆ ಮಳೆ ಬಂದ್ರೆ?"

"ನೀರನ್ನ ಬಕೆಟ್ಟಲ್ಲಿ ಎತ್ತಿ ಹೊರಗೆ ಚೆಲ್ಬಹುದು ಕಣಪ್ಪ. ಇದನ್ನ ಹೇಗೆ ಚೆಲ್ತೀಯ?"

ಅವನೂ ಒಳಗೆ ಹೋಗಿ ತನ್ನ ಮನೆಯ ನೆಲ ಅಗೆಯಲು ಶುರುಮಾಡಿದ. ಅವನನ್ನು ನೋಡಿ ಆಚೆಮನೆಯವರು, ಅವರನ್ನು ನೋಡಿ ಎದುರುಮನೆಯವರು. ಮಣ್ಣೇನೋ ಮನೆಗಳ ಮುಂದೆ ಗುಡ್ಡೆ ಬಿತ್ತು. ಎಲ್ಲಿ ಹಾಕುವುದು? ವಿಷದ ಗುಂಡಿ ಎಲ್ಲಿದೆಯೆಂದು ಬೀದಿಯವರಿಗೆ ಗೊತ್ತಿರಲಿಲ್ಲ. ಮಣ್ಣು ಎಲ್ಲಿಂದ ಬಂತೆಂಬುದು ಮಾತ್ರ ಚೆನ್ನಾಗಿ ಗೊತ್ತಿತ್ತು.

ಕೆಲವು ದಿನಗಳ ಬಳಿಕ ಕಂಪನಿಯ ಗೇಟಿನ ಒಳಗೆ ಸಮಾರಂಭ. ಜಾಗ ಅಪ್ಪಟ ಶುದ್ಧವಾಗಿದೆಯೆಂದು ಸಾಹೇಬರು ಸರ್ಟಿಫಿಕೇಟ್ ಕೊಟ್ಟು, ಸಸಿ ನೆಟ್ಟು, ಕೈ ತೊಳೆದುಕೊಂಡಿದ್ದರು. ಮ್ಯಾನೇಜರ್ ಮೈಕು ಹಿಡಿದು ನೆರೆಹೊರೆಯ ಮೇಲೆ ಕಂಪನಿಗಿರುವ ಪ್ರೀತಿಯನ್ನು ಬಣ್ಣಿಸುತ್ತಿದ್ದರು. ಅಷ್ಟರಲ್ಲಿ ನೆರೆಹೊರೆಯೇ ಬಂತು. ತಲೆಯ ಮೇಲೆ ಬುಟ್ಟಿ, ಮುಂದೆ ಗಾಲಿಯಕ್ಕ.

"ಏಯ್, ಹೊರಗಿನ ಮಣ್ಣು ಒಳಗೆ ತರೋ ಹಾಗಿಲ್ಲ!" ಎಂದ ವಾಚ್‌ಮನ್.

"ಹೊರಗಿನದಲ್ಲಪ್ಪ. ಒಳಗಿನದೇ," ಎಂದು ಗಾಲಿಯಕ್ಕ ಬುಟ್ಟಿ ಬೋರಲು ಹಾಕಿದಳು. ಹಿಂದಿದ್ದವರೂ ಸುರಿದರು. ಧೂಳೆದ್ದಿತು. ಪೇಪರಿನವನೊಬ್ಬ ಬಗ್ಗಿ ಒಂದು ಹಿಡಿ ಎತ್ತಿಕೊಳ್ಳಲು ಹೋದ.

"ಮುಟ್ಬೇಡಿ ಸಾರ್!" ಮ್ಯಾನೇಜರ್ ಚೀರಿದರು. "ವಿಷ ಅದು, ವಿಷ!"

ಮೈಕು ಕೈಯಲ್ಲೇ ಇತ್ತು. ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸಿತು.

ಬಂದೋಬಸ್ತಿಗೆ ನಿಂತಿದ್ದ ಪೊಲೀಸಿನವನು ಮುಂದೆ ಬಂದ. ಶುದ್ಧ ಜಾಗ ಕೆಡಿಸಿದ ಈ ಜನರ ಮೇಲೆ ಕೇಸು ಹಾಕಿ ಎಂದರು ಸಾಹೇಬರು.

"ಹಾಕ್ಕೊಳ್ಳಿ ಸಾರ್," ಎಂದಳು ಗಾಲಿಯಕ್ಕ. "ಏನು ಸುರಿದ್ವಿ ಅಂತ ಈಗ ಮ್ಯಾನೇಜರೇ ಹೇಳಿದ್ರಲ್ಲ, ಹಾಗೇ ಬರ್ಕೊಳ್ಳಿ. ನಮ್ಮ ಮನೆಗೆ ಅದು ಹೇಗೆ ಬಂತು ಅಂತ್ಲೂ ಬರ್ಕೊಳ್ಳಿ."

ಪೊಲೀಸಿನವನು ಮ್ಯಾನೇಜರರ ಮುಖ ನೋಡಿದ. ಮ್ಯಾನೇಜರ್ ಸಾಹೇಬರ ಮುಖ ನೋಡಿದರು. ಸಾಹೇಬರು ತಾವೇ ನೆಟ್ಟ ಸಸಿಯನ್ನು ನೋಡಿದರು. ಆಮೇಲೆ ದನಿ ತಗ್ಗಿಸಿ, ತುಂಬ ಮರ್ಯಾದೆಯಿಂದ ಕೇಳಿದರು.

"ಆಯ್ತು ತಾಯಿ. ಎಲ್ಲಾ ತಂದು ಹಾಕಿದ್ರಲ್ಲ? ಇನ್ನೇನೂ ಉಳಿದಿಲ್ಲ ತಾನೇ?"

"ಉಳಿದಿದೆ ಸಾರ್. ನನ್ನ ಮೊಮ್ಮಗಳ ರಕ್ತದಲ್ಲಿ ಇನ್ನೂ ಇದೆ. ಅದನ್ನ ಯಾವ ಬುಟ್ಟೀಲಿ ಹೊತ್ತು ತರ್ಲಿ, ಹೇಳಿ."

ಸಾಹೇಬರು ಕಾರಿನತ್ತ ತಿರುಗಿದರು. ಹೇಳುವವರೆಗೆ ಏಳುವುದಿಲ್ಲವೆಂದು ಅವಳು ಗೇಟಿಗೆ ಅಡ್ಡವಾಗಿ ಕುಳಿತಳು. ಮಗಳು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಪಕ್ಕದಲ್ಲಿ ಕುಳಿತಳು, ಟೈಲರ್ ಕುಳಿತ, ಬೀದಿಯೆಲ್ಲ ಬಂದು ಕುಳಿತಿತು.